‘ಮೇಡ್ ಇನ್ ಜಪಾನ್’ ಆಲ್ಬಂ ಕೇಳುವ ಕ್ರಮ

ಲೈವ್ ಆಲ್ಬಂ ಎಂದರೆ ಈಗಾಗಲೇ ಬಂದ ಹಾಡುಗಳಿಗೆ ಚಪ್ಪಾಳೆ ಸೇರಿಸಿ ಇನ್ನೊಮ್ಮೆ ಮಾರುವುದು ಎಂಬ ಅನುಮಾನ ಹಲವರಿಗಿದೆ; ಎಷ್ಟೋ ಆಲ್ಬಂಗಳ ವಿಷಯದಲ್ಲಿ ಅದು ಸುಳ್ಳೂ ಅಲ್ಲ. ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಆ ಸಾಲಿಗೆ ಸೇರುವುದಿಲ್ಲ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮಗಳನ್ನು ಧ್ವನಿಮುದ್ರಣದ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕ್‌ಗಳ ಯಂತ್ರದಲ್ಲಿ ಮುದ್ರಿಸಿಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಯಾರೂ ಏನನ್ನೂ ಹೊಸದಾಗಿ ನುಡಿಸಿ ಸೇರಿಸಲಿಲ್ಲ. ಜಪಾನಿನ ಮಾರುಕಟ್ಟೆಗಷ್ಟೇ ಎಂದು ಒಲ್ಲದ ಮನಸ್ಸಿನಿಂದ ತಂಡ ಒಪ್ಪಿಕೊಂಡಿದ್ದ ಈ ಮುದ್ರಣ ಕೊನೆಗೆ ಜಗತ್ತಿನಾದ್ಯಂತ ಬಿಡುಗಡೆಯಾಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ಪ್ರಸಂಗದ ಪದ್ಯ ನಾಲ್ಕೇ ಸಾಲಿನದಾದರೂ ಎದುರಿಗೆ ಕುಳಿತ ಅರ್ಥಧಾರಿ ಯಾರು ಎಂಬುದರ ಮೇಲೆ ಅರ್ಥ ಬೆಳೆಯುತ್ತದೆಯಲ್ಲವೇ, ಇಲ್ಲಿಯೂ ಹಾಗೆಯೇ. ಆದ್ದರಿಂದ ಪದ್ಯವನ್ನು, ಅಂದರೆ ಸ್ಟುಡಿಯೋ ರೂಪವನ್ನು, ಮೊದಲು ಕೇಳಿಕೊಳ್ಳಬೇಕು. ಏಳು ಹಾಡುಗಳಲ್ಲಿ ನಾಲ್ಕು ಅದೇ ವರ್ಷದ ‘ಮಷೀನ್ ಹೆಡ್’ ಆಲ್ಬಮ್ಮಿನಲ್ಲಿವೆ. ‘ಚೈಲ್ಡ್ ಇನ್ ಟೈಮ್’ 1970ರ ‘ಇನ್ ರಾಕ್’ನಲ್ಲಿದೆ. ಎಲ್ಲವನ್ನೂ ಕೇಳುವಷ್ಟು ವ್ಯವಧಾನವಿಲ್ಲದಿದ್ದರೆ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಒಂದನ್ನಾದರೂ ಕೇಳಿ. ನಾಲ್ಕು ನಿಮಿಷದ ಆ ಹಾಡು ವೇದಿಕೆಯಲ್ಲಿ ಒಂಬತ್ತು ನಿಮಿಷ ದಾಟುತ್ತದೆ, ಮತ್ತು ಹೆಚ್ಚಾದದ್ದರಲ್ಲಿ ಬಹುಪಾಲು ಒಂದು ವಾಗ್ವಾದ: ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ನುಡಿಸುತ್ತಾರೆ, ಇಯಾನ್ ಗಿಲನ್ ಅದನ್ನು ಕಂಠದಲ್ಲಿ ಹಾಗೆಯೇ ಹಿಂತಿರುಗಿಸುತ್ತಾರೆ, ತುಣುಕುಗಳು ಕಷ್ಟವಾಗುತ್ತ ಹೋಗಿ, ಕೊನೆಗೆ ಗಿಲನ್ ಉದ್ದನೆಯ ಕಿರುಚಿನಿಂದ ಚರ್ಚೆಯನ್ನು ಮುಗಿಸುತ್ತಾರೆ.

ಉಪಕರಣದ ವಿಷಯದಲ್ಲಿ ದುಬಾರಿ ಸಾಮಾನು ಬೇಕಾಗಿಲ್ಲ, ಆದರೆ ಎರಡು ಕಿವಿಗಳಿಗೂ ಬೇರೆ ಬೇರೆ ಧ್ವನಿ ತಲುಪಲೇಬೇಕು. ಈ ಮುದ್ರಣದಲ್ಲಿ ಬ್ಲ್ಯಾಕ್‌ಮೋರ್‌ರ ಗಿಟಾರು ಒಂದು ಬದಿಯಲ್ಲಿ, ಜಾನ್ ಲಾರ್ಡ್‌ರ ಹ್ಯಾಮಂಡ್ ಆರ್ಗನ್ (ವಿದ್ಯುತ್ತಿನ ಕೀಬೋರ್ಡ್ ವಾದ್ಯ) ಇನ್ನೊಂದು ಬದಿಯಲ್ಲಿ ನಿಂತಿವೆ. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿಗೆಂದೇ ಮಾಡಿದ ಮಾರ್ಷಲ್ ಆಂಪ್ಲಿಫೈಯರ್ ಮೂಲಕ ನುಡಿಸುತ್ತಿದ್ದುದರಿಂದ ಅದರ ನಾದ ಗಿಟಾರಿನಷ್ಟೇ ಒರಟು. ಒಂದೇ ಪುಟ್ಟ ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಕಿದರೆ ಎರಡೂ ಕಲಸಿಕೊಂಡು, ಇದು ಬರೀ ಗದ್ದಲ ಎಂಬ ದೂರು ನ್ಯಾಯವೇ ಆಗಿಬಿಡುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು. ಆ್ಯಪ್‌ನಲ್ಲಿ ಕೇಳುವವರು ಷಫಲ್ ಮತ್ತು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಸೌಲಭ್ಯ) ಆಫ್ ಮಾಡಿ, ಘಟ್ಟದ ಮೇಲಿನ ನೆಟ್‌ವರ್ಕ್ ಮತ್ತು ಕರೆಂಟನ್ನು ನಂಬದೆ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ವಾಲ್ಯೂಮನ್ನು ಮೊದಲ ಹಾಡಾದ ‘ಹೈವೇ ಸ್ಟಾರ್’ ಪೂರ್ತಿ ವೇಗಕ್ಕೆ ಬಂದ ಮೇಲೆ ಹೊಂದಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಎರಡನೆಯದಾದ ‘ಚೈಲ್ಡ್ ಇನ್ ಟೈಮ್’ ಮೆಲ್ಲನೆಯ ಆರ್ಗನ್‌ನಿಂದ ಶುರುವಾಗುತ್ತದೆ, ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಕೇಳಿಸದು ಎನ್ನುವಷ್ಟು ಮೆಲ್ಲಗೆ. ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸಿದವರು ಮೂರನೆಯ ನಿಮಿಷದ ಹೊತ್ತಿಗೆ, ಗಿಲನ್‌ರ ಧ್ವನಿ ಮೇಲೇರತೊಡಗಿದಾಗ, ಹೆಡ್‌ಫೋನ್ ಕಿತ್ತೆಸೆಯುತ್ತಾರೆ. ಮಳೆ ನಿಂತ ಹೊತ್ತನ್ನು ಆರಿಸಿಕೊಳ್ಳಿ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಜುಲೈನಲ್ಲಿ ಇದು ಸುಲಭದ ಸಲಹೆಯಲ್ಲ ಎಂಬುದು ನನಗೂ ಗೊತ್ತು.

ಸುಮಾರು 76 ನಿಮಿಷವನ್ನು ಒಂದೇ ಬಾರಿಗೆ ಕೇಳಬೇಕೆಂಬ ಹಟ ಬೇಡ. ಇದು ಮೂಲದಲ್ಲಿ ಎರಡು ಎಲ್‌ಪಿ ತಟ್ಟೆಗಳ ನಾಲ್ಕು ಬದಿಗಳಿಗೆ ಹಂಚಿದ ಸಂಗೀತ: ಮೊದಲ ಮೂರು ಬದಿಗಳಲ್ಲಿ ಎರಡೆರಡು ಹಾಡು, ಕೊನೆಯ ಬದಿಯ ತುಂಬ 20 ನಿಮಿಷದ ‘ಸ್ಪೇಸ್ ಟ್ರಕಿನ್’ ಒಂದೇ. ಒಂದು ಸಲ ಕುಳಿತಾಗ ಒಂದು ಬದಿ ಸಾಕು, ಬದಿಯೊಳಗೆ ಮಾತ್ರ ಹಾಡು ಹಾರಿಸಬಾರದು. ಎರಡನೆಯ ಬದಿಯ ‘ದ ಮ್ಯೂಲ್’ ಹೆಚ್ಚಿನಂಶ ಇಯಾನ್ ಪೇಸ್‌ರ ಒಂಟಿ ಡ್ರಮ್ಸ್ ವಾದನ. ಮೊದಲ ಸಲ ಅದು ಬೇಸರ ತರಿಸಿದರೆ ತಪ್ಪಿಲ್ಲ. ‘ಸ್ಪೇಸ್ ಟ್ರಕಿನ್’ ಅನ್ನು ಕೊನೆಗೇ ಉಳಿಸಿಕೊಳ್ಳಿ, ಏಕೆಂದರೆ ಅದರ ನಡುಭಾಗದಲ್ಲಿ ಹಾಡು ಪೂರ್ತಿ ಕರಗಿಹೋಗುತ್ತದೆ; ಎಲ್ಲಿದ್ದೇವೆ ಎಂದು ತಿಳಿಯಲು ಆ ಐವರ ನಡೆ ಅಷ್ಟರಲ್ಲಿ ಪರಿಚಯವಾಗಿರಬೇಕು. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಉತ್ತಮ ಭಾಗ ‘ಲೇಜಿ’: ಲಾರ್ಡ್ ಒಬ್ಬರೇ ಆರ್ಗನ್ ಹಿಡಿದು ಆಟವಾಡುತ್ತ ಕೇಳುಗರನ್ನು ಕಾಯಿಸಿ, ಉಳಿದವರು ಬಂದು ಸೇರುವ ಆ ಗಳಿಗೆ.

ಎರಡನೆಯ ಸುತ್ತಿನಲ್ಲಿ ಒಬ್ಬ ವಾದಕನನ್ನಷ್ಟೇ ಹಿಂಬಾಲಿಸಿ. ರೋಜರ್ ಗ್ಲೋವರ್‌ರ ಬೇಸ್ ಗಿಟಾರಿನಿಂದ ಆರಂಭಿಸುವುದು ಲೇಸು. ಉಳಿದವರು ಎಲ್ಲಿಗೆ ಹಾರಿದರೂ ಮರಳಿ ಇಳಿಯುವ ನೆಲ ಅದೇ. ಇಷ್ಟಾದ ಮೇಲೂ ಆಸೆ ಉಳಿದರೆ, ಮೂರೂ ರಾತ್ರಿಗಳ ಬಹುಪಾಲು ಸಂಗೀತ 1993ರಲ್ಲಿ ‘ಲೈವ್ ಇನ್ ಜಪಾನ್’ ಎಂಬ ಮೂರು ಸೀಡಿಗಳ ಕಟ್ಟಾಗಿ ಹೊರಬಂದಿದೆ. ಅದರಲ್ಲಿ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನ ಬೇರೆ ರಾತ್ರಿಯ ರೂಪವನ್ನು ಹಾಕಿಕೊಂಡು, ಗಿಟಾರು ಮತ್ತು ಕಂಠದ ವಾಗ್ವಾದ ಆ ದಿನ ಯಾವ ದಾರಿ ಹಿಡಿಯಿತು ಎಂಬುದನ್ನು ಮೊದಲು ಕೇಳಿದ್ದರೊಂದಿಗೆ ತಾಳೆ ನೋಡಿ.