ಹಳೇ ಗಾಜು: ನೋಡಿ ಕೊಳ್ಳುವುದು, ಹೇಳಿ ಮಾರುವುದು

ಅಟ್ಟದ ಮೇಲೆ ಧೂಳು ಹಿಡಿದು ಕೂತ ಗೋಲಿ ಸೋಡಾ ಬಾಟ್ಲಿ, ಕಂದೀಲು, ಮಸಿ ಸೀಸೆ, ಬಿರಡೆ ಇರುವ ಅತ್ತರಿನ ಕುಪ್ಪಿ. ಮನೆ ಸುಣ್ಣಬಣ್ಣದ ಹೊತ್ತಿಗೆ ಇವೆಲ್ಲ ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅದೇ ಸಾಮಾನನ್ನು ಹುಡುಕಿಕೊಂಡು ಬಂದು, ಒಳ್ಳೆ ದುಡ್ಡು ಕೊಟ್ಟು ಒಯ್ಯುವವರೂ ನಮ್ಮ ಊರುಗಳಲ್ಲೇ ಇದ್ದಾರೆ. ಈ ಇಬ್ಬರ ನಡುವೆ ನಿಂತು ಸಣ್ಣ ವ್ಯಾಪಾರ ಮಾಡಲು ದೊಡ್ಡ ಬಂಡವಾಳ ಬೇಡ. ಗಾಜನ್ನು ನೋಡಲು ಬರಬೇಕು, ಕಂಡದ್ದನ್ನು ಗಿರಾಕಿಗೆ ಇದ್ದ ಹಾಗೆ ಹೇಳಬೇಕು. ನೋಡುವುದನ್ನು ಯಾರಾದರೂ ಕಲಿಯಬಹುದು. ಹೇಳುವ ಧೈರ್ಯ ಇಲ್ಲದವರು ಮಾತ್ರ ಈ ವ್ಯಾಪಾರದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಯಾವುದರಿಂದ ಶುರು ಮಾಡಬೇಕು?

ಕಣ್ಣಿಗೆ ಬಿದ್ದದ್ದೆಲ್ಲ ಕೊಳ್ಳಬೇಡಿ. ಮನೆ ತುಂಬುತ್ತದೆ, ಜೇಬು ಖಾಲಿ ಆಗುತ್ತದೆ. ಒಂದೋ ಎರಡೋ ಬಗೆಯ ಸಾಮಾನು ಹಿಡಿಯಿರಿ, ಅದನ್ನೇ ಚೆನ್ನಾಗಿ ತಿಳಿದುಕೊಳ್ಳಿ.

ಹೊಸಬರಿಗೆ ನಾನು ಹೇಳುವುದು ಯೆರಾ ಲೋಟ. ಬರೋಡಾದ ಅಲೆಂಬಿಕ್ ಕಂಪನಿಯ ಗಾಜು ಇದು. ಆ ಕಂಪನಿಯ ಒಂದು ಕಾರ್ಖಾನೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಇತ್ತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ನೆಂಟರು ಬಂದಾಗ ಮಾತ್ರ ಶೋಕೇಸಿನಿಂದ ಇಳಿಯುತ್ತಿದ್ದ ಲೋಟಗಳು ಎಷ್ಟೋ ಮನೆಗಳಲ್ಲಿ ಇವೇ. ತಳದಲ್ಲಿ ಹೆಸರು ಒತ್ತಿರುತ್ತದೆ, ಹಾಗಾಗಿ ಗುರುತಿಸುವುದು ಸುಲಭ. ಕಡಿಮೆ ದುಡ್ಡಿಗೆ ಸಿಗುತ್ತವೆ, ಒಂದು ಒಡೆದರೂ ಎದೆ ಒಡೆಯುವುದಿಲ್ಲ. ಬಿಡಿ ಬಿಡಿಯಾಗಿ ಕೊಂಡು, ಒಂದೇ ವಿನ್ಯಾಸದ ಆರು ಜೋಡಿಸಿ ಸೆಟ್ ಮಾಡಿ ಮಾರಿ. ಬಿಡಿ ಲೋಟಕ್ಕಿಂತ ಸೆಟ್ಟಿಗೆ ಬೆಲೆ ಜಾಸ್ತಿ. ಈ ಜೋಡಿಸುವ ಕೆಲಸದಲ್ಲೇ ಕಣ್ಣು ಪಳಗುತ್ತದೆ.

ಸ್ವಲ್ಪ ಅನುಭವ ಆದಮೇಲೆ ಸ್ವದೇಶಿ ಕಾಲದ ಗಾಜಿನ ಕಡೆ ಬನ್ನಿ. ನನಗೆ ತುಂಬಾ ಇಷ್ಟವಾದದ್ದು ಇದು. ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡ್ ದುಡ್ಡಿನಲ್ಲಿ 1908ರಲ್ಲಿ ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. 1916ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಓಗಲೆ ಸಹೋದರರ ಗಾಜಿನ ಕಾರ್ಖಾನೆ ಬಂತು. ಅವರ ಪ್ರಭಾಕರ್ ಕಂದೀಲು ಗಡಿ ದಾಟಿ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೂ ಬಂದಿದೆ. ಅಜ್ಜನ ಕಾಲದ ಕಂದೀಲು ಅಂತ ಯಾರಾದರೂ ತೋರಿಸಿದರೆ ಮೊದಲು ಹೆಸರು ಓದಿ. ಗಾಜಿನ ಬುರುಡೆಯ ಮೇಲೆ ಏನಿದೆ, ಎಣ್ಣೆ ಟ್ಯಾಂಕಿನ ಮೇಲೆ ಏನಿದೆ? ಎರಡೂ ಹೊಂದಿದರೆ ಅದೃಷ್ಟ. ಗಾಜು ಒಡೆದು ಬೇರೆ ಕಂಪನಿಯದ್ದು ಕೂರಿಸಿರುವುದೇ ಜಾಸ್ತಿ. ಹಾಗಿದ್ದರೂ ಕೊಳ್ಳಬಹುದು, ಆದರೆ ಬೆಲೆ ಬೇರೆ.

ಎಲ್ಲಿ ಸಿಗುತ್ತೆ?

ಬೆಂಗಳೂರಿನವರಿಗೆ ಚಿಕ್ಕಪೇಟೆ ಸುತ್ತಿನ ಸಂಡೆ ಬಜಾರ್ ಇದೆ. ಬೆಳಗಿನ ಜಾವವೇ ಹೋಗಿ, ಬಿಸಿಲೇರಿದ ಮೇಲೆ ಉಳಿಯುವುದು ಬೇರೆಯವರು ಬಿಟ್ಟ ಮಾಲು. ಸಣ್ಣ ಊರಿನವರು ಗುಜರಿ ಅಂಗಡಿಯವರ ಪರಿಚಯ ಮಾಡಿಕೊಳ್ಳಿ. ‘ಹಳೇ ಬಾಟ್ಲಿ, ಲಾಟೀನು ಬಂದರೆ ಒಡೆಯುವ ಮುಂಚೆ ಒಂದು ಫೋನ್ ಮಾಡಿ ಯಜಮಾನ್ರೇ, ತೂಕಕ್ಕಿಂತ ಜಾಸ್ತಿ ಕೊಡ್ತೀನಿ’ ಅಂದರೆ ಸಾಕು. ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಇವು ನೋಡಲು ಒಳ್ಳೆಯ ಜಾಗಗಳು. ಅಲ್ಲಿ ಕೊಂಡು ಇಲ್ಲಿ ಮಾರಿ ಲಾಭ ಮಾಡುವುದು ಕಷ್ಟ, ಯಾಕೆಂದರೆ ಅಲ್ಲಿನವರು ಬೆಲೆ ತಿಳಿದ ವ್ಯಾಪಾರಿಗಳು. ಕಣ್ಣು ತುಂಬಿಸಿಕೊಂಡು, ಬೆಲೆ ಕೇಳಿಕೊಂಡು ಬನ್ನಿ.

ಚೌಕಾಸಿಗೆ ಒಂದು ದಾರಿ: ಬೇಕಾದ ಒಂದನ್ನೇ ಹಿಡಿದು ಬೆಲೆ ಕೇಳಬೇಡಿ. ನಾಲ್ಕು ಸಾಮಾನು ಎತ್ತಿಟ್ಟು ‘ಅಣ್ಣ, ಒಟ್ಟಿಗೆ ಎಷ್ಟು?’ ಅನ್ನಿ. ಬೋಣಿ ಹೊತ್ತಿನಲ್ಲಿ ಹೋದವರಿಗೆ ಬೆಲೆ ಸ್ವಲ್ಪ ಇಳಿಯುತ್ತದೆ.

ಮನೆ ಖಾಲಿ ಮಾಡುವವರಿಂದ ಕೊಳ್ಳುವಾಗ ಮಾತ್ರ ಚೌಕಾಸಿ ಬುದ್ಧಿ ಬದಿಗಿಡಿ. ವಯಸ್ಸಾದ ಒಬ್ಬರು ಬೆಲೆ ಗೊತ್ತಿಲ್ಲದೆ ‘ಏನೋ ಕೊಟ್ಟು ತಗೊಂಡು ಹೋಗಪ್ಪಾ’ ಅಂದರೆ, ‘ಅಮ್ಮ, ಹೊರಗೆ ಇದಕ್ಕೆ ಇಷ್ಟು ಬರಬಹುದು. ನನ್ನ ಖರ್ಚು, ಲಾಭ ಕಳೆದು ನಾನು ಇಷ್ಟು ಕೊಡ್ತೀನಿ’ ಅಂತ ಹೇಳಿ ಕೊಳ್ಳಿ. ಅದು ನ್ಯಾಯ. ಜೊತೆಗೆ, ಅವರ ತಂಗಿ ಮನೆ, ಪಕ್ಕದ ಮನೆಯವರೂ ನಿಮ್ಮನ್ನೇ ಕರೆಯುತ್ತಾರೆ.

ಬೆರಳು, ಬೆಳಕು, ಕಿವಿ

ಕೈಚೀಲದಲ್ಲಿ ಇರಬೇಕಾದದ್ದು ಒಂದು ಟಾರ್ಚ್, ಭೂತಗನ್ನಡಿ, ಒಣಬಟ್ಟೆ. ಮೊದಲು ಕಣ್ಣು ಮುಚ್ಚಿ ಬಾಯಿಯ ಅಂಚಿನ ಸುತ್ತ ಬೆರಳು ಓಡಿಸಿ, ಆಮೇಲೆ ತಳದ ಸುತ್ತ. ಚೂರು ಹಾರಿದ್ದರೆ ಕಣ್ಣಿಗಿಂತ ಮೊದಲು ಉಗುರಿಗೆ ಗೊತ್ತಾಗುತ್ತದೆ. ಒಳಗಿನಿಂದ ಟಾರ್ಚ್ ಹಿಡಿದು ತಿರುಗಿಸಿದರೆ ಬಿರುಕು ಬೆಳ್ಳಿ ಎಳೆಯಂತೆ ಹೊಳೆಯುತ್ತದೆ. ಲೋಟವನ್ನು ತಳ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಸರಿಯಾಗಿದ್ದರೆ ನಾದ ಬರುತ್ತದೆ, ಬಿರುಕು ಬಿಟ್ಟಿದ್ದರೆ ಡಬ್ ಅನ್ನುತ್ತದೆ.

ಒದ್ದೆ ಮಾಡಿದ ಗಾಜನ್ನು, ಎಣ್ಣೆ ಸವರಿದ ಗಾಜನ್ನು ಹಾಗೇ ಕೊಳ್ಳಬೇಡಿ. ಒರೆಸಿ, ಒಣಗಿಸಿ ನೋಡಿ. ಗಾಜಿಗೆ ಮಂಜು ಕವಿದ ಹಾಗೆ ಆಗುವುದಕ್ಕೆ ಎರಡು ಕಾರಣ. ಒಂದು ಬೋರ್‌ವೆಲ್ ನೀರಿನ ಸುಣ್ಣ, ಅದು ವಿನೆಗರ್‌ಗೆ ಹೋಗುತ್ತದೆ. ಇನ್ನೊಂದು, ವರ್ಷಗಟ್ಟಲೆ ತೇವ ನಿಂತು ಗಾಜಿನೊಳಗಿನ ಕ್ಷಾರ ಹೊರಗೆ ಸೋರಿ, ಮೈಯೇ ಕೊರೆದು ಹೋಗಿರುವುದು. ಅದು ಯಾವ ತೊಳೆತಕ್ಕೂ ಹೋಗುವುದಿಲ್ಲ. ಒದ್ದೆ ಇರುವಾಗ ಎರಡೂ ಮಾಯ, ಒಣಗಿದ ಮೇಲೆ ಎರಡೂ ಪ್ರತ್ಯಕ್ಷ!

ಈಗ ಒಂದು ಗೋಲಿ ಸೋಡಾ ಬಾಟ್ಲಿ ಕೈಗೆ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಸೋಡಾ ತುಂಬಿ ತಲೆಕೆಳಗು ಮಾಡಿದರೆ ಗೋಲಿ ಬಾಯಿಗೆ ಬರುತ್ತದೆ, ಒಳಗಿನ ಗ್ಯಾಸ್ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕತ್ತಿನಲ್ಲಿ ಎರಡು ಗುಳಿ ಇವೆ ನೋಡಿ, ಅವು ಅಂದಕ್ಕೆ ಮಾಡಿದ್ದಲ್ಲ. ಗುಳಿ ಕೆಳಗೆ ಬರುವಂತೆ ಹಿಡಿದು ಬಗ್ಗಿಸಿದರೆ ಗೋಲಿ ಅಲ್ಲಿ ಸಿಕ್ಕಿಕೊಂಡು ಸೋಡಾ ಸರಾಗವಾಗಿ ಬರುತ್ತದೆ. ಗೋಲಿಗಾಗಿ ಮಕ್ಕಳು ಬಾಟ್ಲಿ ಒಡೆದದ್ದೇ ಎಷ್ಟೋ. ಹಳೆಯವು ಕಡಿಮೆಯಾಗಲು ಅದೂ ಒಂದು ಕಾರಣ.

ಮೊದಲು ಮೈ ಮೇಲಿನ ಉಬ್ಬು ಅಕ್ಷರ ಓದಿ. ಹಳೇ ಸೋಡಾ ಫ್ಯಾಕ್ಟರಿಯ ಹೆಸರು, ಊರಿನ ಹೆಸರು ಇದ್ದರೆ ಆ ಊರಿನವರೇ ಗಿರಾಕಿ. ಇಂಗ್ಲೆಂಡಿನ ಬಾರ್ನ್ಸ್‌ಲಿ ಅಂತ ಇದ್ದರೆ ಅದು ರೈಲ್ಯಾಂಡ್ಸ್‌ನಂಥ ಕಾರ್ಖಾನೆಗಳಿದ್ದ ಊರು, ಕಾಡ್‌ನ ಬಾಟ್ಲಿ ತಯಾರಾದ ಜಾಗ. ಆಮೇಲೆ ಅಚ್ಚಿನ ಗೆರೆ ಹುಡುಕಿ. ಪಕ್ಕದಲ್ಲಿ ಮೇಲೇರುವ ಆ ಸಣ್ಣ ಗೆರೆ ಬಾಯಿಯ ಕೆಳಗೇ ನಿಂತಿದೆಯಾ, ಬಾಯಿಯ ಮೇಲೂ ಹಾದು ಹೋಗಿದೆಯಾ? ಕೆಳಗೇ ನಿಂತಿದ್ದರೆ ಬಾಯಿಯನ್ನು ಕೈಯಲ್ಲಿ ಮಾಡಿದ್ದಾರೆ ಅಂತ ಅರ್ಥ. 1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ಯಂತ್ರದಲ್ಲೇ ಬಾಟ್ಲಿ ತಯಾರಿಸಿ ತೋರಿಸಿದ ಮೇಲೆ ಗೆರೆ ಬಾಯಿ ತನಕ ಹತ್ತಿತು. ನಮ್ಮ ದೇಶದಲ್ಲಿ ಕೈಕೆಲಸ ಆಮೇಲೂ ಬಹಳ ಕಾಲ ನಡೆಯಿತು, ಹಾಗಾಗಿ ಗೆರೆಯೊಂದನ್ನೇ ನಂಬಿ ವರ್ಷ ಹೇಳಬೇಡಿ.

ಗುಳ್ಳೆಯನ್ನೂ ನಂಬಬೇಡಿ. ‘ಗುಳ್ಳೆ ಇದೆ, ಹಳೇದೇ’ ಅಂತ ಎಲ್ಲರೂ ಹೇಳುತ್ತಾರೆ. ಫಿರೋಜಾಬಾದಿನಲ್ಲಿ ಹೋದ ವಾರ ಊದಿದ ಗಾಜಿನಲ್ಲೂ ಗುಳ್ಳೆ ಇರುತ್ತದೆ. ಗೋಲಿ ಬಾಟ್ಲಿ ಕೂಡ ಉತ್ತರ ಪ್ರದೇಶದ ಸಾಸ್ನಿಯಲ್ಲಿ ನಮ್ಮ ಕಾಲದಲ್ಲೂ ತಯಾರಾಗಿದೆ. ಸುಳ್ಳು ಹೇಳದೇ ಇರುವುದು ಸವೆತ. ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಹೊಟ್ಟೆಯ ಸುತ್ತ ಮಾಸಿದ ಪಟ್ಟಿ ಬಿದ್ದಿರುತ್ತದೆ. ತಳದ ಅಂಚಿನಲ್ಲಿ ಅಡ್ಡಾದಿಡ್ಡಿ ಗೀರುಗಳಿರುತ್ತವೆ. ಗೀರೆಲ್ಲ ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಇದ್ದರೆ ಯಾರೋ ಸ್ಯಾಂಡ್‌ಪೇಪರ್ ಹಾಕಿದ್ದಾರೆ.

‘ಬೆಲ್ಜಿಯಂ ಗಾಜು’ ಅನ್ನುವ ಮಾತಿಗೂ ಇದೇ ಪರೀಕ್ಷೆ. ಬಣ್ಣದ ತೂಗುದೀಪಗಳಿಗೆಲ್ಲ ಆ ಹೆಸರು ಅಂಟಿಸುತ್ತಾರೆ. ಗುರುತು, ಕಾಗದ, ಮನೆತನದ ದಾಖಲೆ ಏನೂ ಇಲ್ಲದಿದ್ದರೆ ನೀವು ಮಾರುವಾಗ ‘ಬಣ್ಣದ ಗಾಜಿನ ತೂಗುದೀಪ’ ಅಂತ ಮಾತ್ರ ಬರೆಯಿರಿ. ಹಿತ್ತಾಳೆ ಕಹಳೆಯ ಗ್ರಾಮಫೋನ್ ಬಗ್ಗೆ ಇನ್ನೂ ಹುಷಾರು: ಹಳೇ ಮೋಟರು, ಹೊಸ ಪೆಟ್ಟಿಗೆ, ಹೊಸ ಕಹಳೆ ಸೇರಿಸಿ ಕೂಡಿಸಿದವು ಬೇಕಾದಷ್ಟಿವೆ.

ಮುಟ್ಟಬಾರದ್ದು

ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಅಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗೇ ಇಲ್ಲ. ಹಸ್ತಪ್ರತಿಗೆ 75 ವರ್ಷವೇ ಮಿತಿ. ಅದಕ್ಕೇ ಮಾರಲು ಇಪ್ಪತ್ತನೇ ಶತಮಾನದ ನಡುವಿನ, ಕೊನೆಯ ಭಾಗದ ಸಾಮಾನು ಹಿಡಿಯಿರಿ. ವಿದೇಶದಿಂದ ಗಿರಾಕಿ ಬಂದರೆ, ವಸ್ತು ಹೊಸದೇ ಆಗಿದ್ದರೂ ಹಳೆಯದಂತೆ ಕಂಡರೆ, ಪ್ರಾಚ್ಯವಸ್ತು ಅಲ್ಲ ಅನ್ನುವ ಸರ್ಟಿಫಿಕೇಟನ್ನು ಪುರಾತತ್ವ ಸರ್ವೇಕ್ಷಣೆಯಿಂದ ಪಡೆದೇ ಕಳಿಸಿ. ಆನೆದಂತ, ಜಿಂಕೆ ಕೊಂಬು, ಚರ್ಮ ಯಾರ ಅಟ್ಟದಲ್ಲಿದ್ದರೂ ಬೇಡ ಅನ್ನಿ, ವನ್ಯಜೀವಿ ಕಾಯ್ದೆ ಇದೆ. ದೇವಸ್ಥಾನದ ದೀಪ, ಘಂಟೆ, ವಿಗ್ರಹ ಅಗ್ಗಕ್ಕೆ ಬಂದರೆ ಅದು ಕಳವಿನ ಮಾಲು ಅಂತಲೇ ಅನುಮಾನಿಸಿ. ಕಳವು ಅಂತ ಗೊತ್ತಿದ್ದು ಕೊಂಡವರೂ ಅಪರಾಧಿಗಳೇ.

ತೊಳೆಯುವುದು

ಹಳೇ ಗಾಜಿಗೆ ಬಿಸಿನೀರು ಹಾಕಬೇಡಿ, ತಟ್ಟನೆ ಸೀಳುತ್ತದೆ. ಸಿಂಕಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಅಷ್ಟೇ. ಕೈ ಹೋಗದ ಬಾಟ್ಲಿಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪುನೀರು ಹಾಕಿ ಸುತ್ತಿಸಿ. ಕುಲುಕಬೇಡಿ, ಸುತ್ತಿಸಿ. ಸುಣ್ಣದ ಕಲೆಗೆ ವಿನೆಗರ್ ತುಂಬಿ ಒಂದು ರಾತ್ರಿ ಬಿಡಿ. ಟಾಯ್ಲೆಟ್ ಆ್ಯಸಿಡ್ ಮಾತ್ರ ಹತ್ತಿರ ತರಬೇಡಿ. ಚಿನ್ನದ ಗೆರೆ, ಬಣ್ಣದ ಹೂವು ಇದ್ದರೆ ಉಜ್ಜಬೇಡಿ, ವಿನೆಗರೂ ಬೇಡ. ಕಾಗದದ ಲೇಬಲ್ ಇದ್ದರೆ ನೀರೇ ಬೇಡ, ಆ ಮಾಸಿದ ಲೇಬಲ್ಲಿಗೇ ಬೆಲೆ. ಹಳೇ ಕನ್ನಡಿಯ ಹಿಂಬದಿ ಮುಟ್ಟದೆ ಬಿಡಿ.

ಭಾರವಾದ, ಗಂಟೆಯ ಹಾಗೆ ನಾದ ಕೊಡುವ ಕೆತ್ತನೆ ಗಾಜಿನಲ್ಲಿ ಸೀಸ ಇರಬಹುದು. ಅದರಲ್ಲಿ ಉಪ್ಪಿನಕಾಯಿ, ಜ್ಯೂಸು ತುಂಬಿಡಬಾರದು. ಇದನ್ನು ಗಿರಾಕಿಗೂ ಹೇಳಿ.

ಬೆಲೆ ಕಟ್ಟುವುದು

ಆನ್‌ಲೈನಿನಲ್ಲಿ ಯಾರೋ ಗೋಲಿ ಬಾಟ್ಲಿಗೆ ಐದು ಸಾವಿರ ಅಂತ ಬರೆದಿದ್ದರೆ ಅದು ಅವರ ಆಸೆ. ನಿಮಗೆ ಬೇಕಾದದ್ದು ನಿಜಕ್ಕೂ ಮಾರಾಟ ಆದ ಬೆಲೆ. ಇಬೇ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ನೋಡಿ.

ಒಂದು ಲೆಕ್ಕ ಹಾಕೋಣ. ಕೊಂಡದ್ದು 300 ರೂಪಾಯಿ. ಪ್ಯಾಕಿಂಗ್ 80, ಕೊರಿಯರ್ 150. 900ಕ್ಕೆ ಮಾರಿದರೆ ಆನ್‌ಲೈನ್ ತಾಣದ ಕಮಿಷನ್ ಶೇ 15 ಅಂದರೆ 135. ಒಟ್ಟು ಖರ್ಚು 665, ಕೈಗೆ ಉಳಿಯುವುದು 235. ದಾರಿಯಲ್ಲಿ ಒಂದು ಒಡೆದರೆ ಎರಡು ಮೂರರ ಲಾಭ ಅಲ್ಲೇ ಹೋಯಿತು. 300ರ ಬದಲು 450ಕ್ಕೆ ಕೊಂಡಿದ್ದರೆ ಲಾಭ 85ಕ್ಕೆ ಇಳಿಯುತ್ತಿತ್ತು. ಬಜಾರಿನಲ್ಲಿ ಕೈ ಬಿಗಿ ಹಿಡಿಯುವುದು ಅದಕ್ಕೇ.

ಒಂದು ನೋಟ್‌ಬುಕ್ ಇಡಿ. ಯಾವ ಸಾಮಾನು, ಯಾರಿಂದ, ಯಾವ ದಿನ, ಎಷ್ಟಕ್ಕೆ, ಅವರು ಅದರ ಬಗ್ಗೆ ಏನು ಹೇಳಿದರು. ಕಳವಿನ ಪ್ರಶ್ನೆ ಬಂದರೆ ಈ ಪುಸ್ತಕವೇ ನಿಮ್ಮ ಸಾಕ್ಷಿ. ವ್ಯಾಪಾರ ಬೆಳೆದು ಜಿಎಸ್‌ಟಿಗೆ ಬಂದ ಮೇಲೂ ಬೇಕು: ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಕೊಂಡ ಬೆಲೆ, ಮಾರಿದ ಬೆಲೆಯ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟುವ ಮಾರ್ಜಿನ್ ಸ್ಕೀಂ ಇದೆ, ಅದಕ್ಕೆ ಈ ಲೆಕ್ಕವೇ ಆಧಾರ.

ಮಾರುವುದು, ಕಳಿಸುವುದು

ಕಿಟಕಿ ಪಕ್ಕದ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಮುಂದೆ, ಹಿಂದೆ, ಬಾಯಿ, ತಳ, ಅಕ್ಷರ. ಆಮೇಲೆ ದೋಷದ ಫೋಟೊ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ವಿವರಣೆಯಲ್ಲಿ ದೋಷವನ್ನು ಮೊದಲ ಸಾಲಿನಲ್ಲೇ ಬರೆಯಿರಿ: ‘ಬಾಯಿಯ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಚೂರು ಹಾರಿದೆ. ರಬ್ಬರ್ ಉಂಗುರ ಇಲ್ಲ. ಕಾಲ ಖಚಿತವಿಲ್ಲ, ಬಾಯಿ ಕೈಯಲ್ಲಿ ಮಾಡಿದ್ದು.’ ಇಷ್ಟು ಬರೆದರೆ ಗಿರಾಕಿ ಓಡಿಹೋಗುತ್ತಾರೆ ಅಂತ ಹೊಸಬರು ಹೆದರುತ್ತಾರೆ. ಸಂಗ್ರಹ ಮಾಡುವವರು ಇಂಥ ಸಾಲುಗಳನ್ನೇ ಹುಡುಕುತ್ತಾರೆ. ಒಮ್ಮೆ ನಂಬಿದರೆ ಮುಂದಿನ ಸಲ ಫೋಟೊ ಕೂಡ ಕೇಳದೆ ದುಡ್ಡು ಕಳಿಸುವವರು ಅವರೇ.

ಪ್ಯಾಕಿಂಗಿಗೆ ಎರಡು ಡಬ್ಬಿ ಬೇಕು. ಬಬಲ್ ಕವರ್ ಸುತ್ತಿದ ಗಾಜು ಒಳಡಬ್ಬಿಗೆ, ಒಳಡಬ್ಬಿ ಹೊರಡಬ್ಬಿಗೆ, ನಡುವೆ ಆರೂ ಕಡೆ ಎರಡಿಂಚು ಮೆತ್ತೆ. ಕಂದೀಲಾದರೆ ಗಾಜನ್ನು ಚೌಕಟ್ಟಿನಿಂದ ಬಿಚ್ಚಿ ಬೇರೆ ಸುತ್ತಿ, ಟ್ಯಾಂಕಿನ ಸೀಮೆಎಣ್ಣೆ ಪೂರ್ತಿ ಬಸಿದು ಒಣಗಿಸಿ. ಗೋಲಿ ಬಾಟ್ಲಿಯಾದರೆ ಬಾಯಿಯಿಂದ ತೆಳು ಫೋಮ್ ಪಟ್ಟಿ ತೂರಿಸಿ ಗೋಲಿ ಅಲುಗಾಡದಂತೆ ಮಾಡಿ, ಇಲ್ಲದಿದ್ದರೆ ಅದೇ ಒಳಗಿನಿಂದ ಕತ್ತಿಗೆ ಕುಟ್ಟುತ್ತದೆ. ಟೇಪ್ ಹಾಕುವ ಮುಂಚೆ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ತುಂಬಿ. ಡಬ್ಬಿ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ ಅಂತ ಗಿರಾಕಿಗೆ ಮೊದಲೇ ಹೇಳಿಡಿ, ಒಡೆದು ತಲುಪಿದರೆ ದುಡ್ಡು ವಾಪಸ್ ಕೊಡಿ.