ಹಳ್ಳಿ ಬೀಟಿನಲ್ಲಿ ನಾನು ಯಾರನ್ನು ಮಾತಾಡಿಸುತ್ತೇನೆ: ನನ್ನ ಅನುಭವ

ಬೀಟ್ ಪೊಲೀಸ್ ಅಂದರೆ ರಾತ್ರಿ ಬೈಕಿನಲ್ಲಿ ಬಂದು, ದೇವಸ್ಥಾನದ ಹತ್ತಿರ ಇಟ್ಟಿರುವ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಹೋಗುವವನು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆ ಕೆಲಸವೂ ಇದೆ, ಅದೂ ಬೇಕು. ಆದರೆ ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಸೀಮೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ಬೀಟ್ ನೋಡಿಕೊಂಡ ನನಗೆ, ಊರಿನ ಸುರಕ್ಷತೆಯ ಮುಕ್ಕಾಲು ಪಾಲು ಕೆಲಸ ಏನೂ ಆಗದ ದಿನಗಳಲ್ಲೇ ಆಗುತ್ತದೆ ಅಂತ ಖಾತ್ರಿಯಾಗಿದೆ. ಅದೂ ಪೊಲೀಸರ ಸಭೆಗೆ ಯಾವತ್ತೂ ಬರದವರ ಜೊತೆ ಮಾತಾಡಿದಾಗ.

2017ರಲ್ಲಿ ನಮ್ಮ ರಾಜ್ಯದಲ್ಲಿ ಬೀಟ್ ವ್ಯವಸ್ಥೆ ಬದಲಾಯಿತು. ಮೊದಲು ಗಸ್ತಿಗೆ ಇವತ್ತು ಒಬ್ಬ, ನಾಳೆ ಇನ್ನೊಬ್ಬ ಹೋಗುತ್ತಿದ್ದೆವು. ಈಗ ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದ್ದಾರೆ. ಸಮನ್ಸ್ ಕೊಡುವುದು, ಪಾಸ್‌ಪೋರ್ಟ್ ವಿಚಾರಣೆ, ಅರ್ಜಿ ವಿಚಾರಣೆ, ರೌಡಿ ಪಟ್ಟಿಯಲ್ಲಿ ಇರುವವರ ಮೇಲೆ ಕಣ್ಣಿಡುವುದು, ಎಲ್ಲಾ ಆ ಒಬ್ಬನದೇ ಕೆಲಸ. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಸಮನ್ಸ್ ಕೊಡಲು ಹೋದಾಗಲೇ ಪಕ್ಕದ ಮನೆಯವರ ಬೇಲಿ ಜಗಳ ಎಲ್ಲಿಗೆ ಬಂತು ಅಂತ ವಿಚಾರಿಸಿಕೊಂಡು ಬರಬಹುದು. ನಾಲ್ಕು ಸಲ ಬಂದ ಮುಖವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಐದನೇ ಸಲ ಅವರೇ ಕರೆದು ಹೇಳುತ್ತಾರೆ.

ನಾನು ಬೀಟ್ ಶುರು ಮಾಡುವುದು ಹಾಲಿನ ಡೈರಿಯಿಂದ. ಬೆಳಿಗ್ಗೆ ಕ್ಯಾನ್ ಹಿಡಿದುಕೊಂಡು ಎಲ್ಲ ಓಣಿಯವರೂ ಅಲ್ಲಿಗೆ ಬರುತ್ತಾರೆ, ಹೆಂಗಸರು ಜಾಸ್ತಿ. ಪಂಚಾಯಿತಿ ಕಟ್ಟೆ ಮೇಲೆ ಕೂರುವವರು ಬೇರೆ, ಇಲ್ಲಿ ಬರುವವರು ಬೇರೆ. ಯಾರ ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋಗಿದ್ದಾರೆ, ಯಾರ ತೋಟದಲ್ಲಿ ಹೊರಗಿನಿಂದ ಬಂದ ಕೂಲಿಯವರು ಶೆಡ್ ಹಾಕಿಕೊಂಡಿದ್ದಾರೆ, ಯಾವ ಹುಡುಗ ಇದ್ದಕ್ಕಿದ್ದಂತೆ ಹೊಸ ಬೈಕ್ ಓಡಿಸುತ್ತಿದ್ದಾನೆ, ಎಲ್ಲವೂ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ನಾನು ಪುಸ್ತಕ ತೆಗೆಯುವುದಿಲ್ಲ. ಬರೆದುಕೊಳ್ಳುವುದನ್ನು ಕಂಡರೆ ಮಾತು ನಿಂತುಹೋಗುತ್ತದೆ. ಊರಾಚೆ ಬಂದು ಬೈಕ್ ನಿಲ್ಲಿಸಿ ಬರೆದುಕೊಳ್ಳುತ್ತೇನೆ.

ನಂತರ ಲೈನ್‌ಮನ್, ಬಸ್ ಕಂಡಕ್ಟರ್, ಅಂಚೆಯವರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುರಿ ಕಾಯುವವರು. ಇವರೆಲ್ಲ ಕೆಲಸದ ಮೇಲೆ ಊರು ಸುತ್ತುವವರು. ಬೇರೆಯವರ ಕಣ್ಣಿಗೆ ಬೀಳದ್ದು ಇವರಿಗೆ ಕಾಣುತ್ತದೆ.

ಇದರಿಂದ ಏನಾಗುತ್ತದೆ ಅಂತ ಕೇಬಲ್ ಕಳ್ಳತನದ ಉದಾಹರಣೆ ಕೊಟ್ಟು ಹೇಳುತ್ತೇನೆ. ನಮ್ಮ ಕಡೆ ಅಡಿಕೆ ತೋಟ ನಿಂತಿರುವುದು ಬೋರ್‌ವೆಲ್ ಮೇಲೆ. ಒಂದು ಬೇಸಿಗೆಯಲ್ಲಿ ಮೋಟರ್‌ನಿಂದ ಸ್ಟಾರ್ಟರ್ ಪೆಟ್ಟಿಗೆಗೆ ಬರುವ ತಾಮ್ರದ ಕೇಬಲ್ಲನ್ನು ರಾತ್ರಿ ಕತ್ತರಿಸಿಕೊಂಡು ಹೋಗುವುದು ಶುರುವಾಯಿತು. ಕಳ್ಳನಿಗೆ ಸಿಗುವುದು ಸ್ವಲ್ಪ ದುಡ್ಡು. ರೈತನಿಗೆ ಮಾತ್ರ ಹೊಸ ಕೇಬಲ್ ಖರ್ಚು, ಮೋಟರ್ ಎತ್ತಿಸುವ ಖರ್ಚು, ಅಷ್ಟು ದಿನ ನೀರಿಲ್ಲದೆ ಒಣಗುವ ತೋಟ. ಆದರೂ ಯಾರೂ ದೂರು ಕೊಡುತ್ತಿರಲಿಲ್ಲ. "ಹೋದದ್ದು ಹೋಯ್ತು ಸಾರ್, ಸ್ಟೇಷನ್ನಿಗೆ ಯಾರು ಅಲೆಯುತ್ತಾರೆ" ಅನ್ನುವ ಮಾತೇ ಎಲ್ಲರ ಬಾಯಲ್ಲೂ. ನಾನು ಒಬ್ಬೊಬ್ಬರ ತೋಟಕ್ಕೂ ಹೋಗಿ ಯಾವ ರಾತ್ರಿ ಹೋಯಿತು, ಕೊನೆಗೆ ಮೋಟರ್ ಓಡಿದ್ದು ಎಷ್ಟು ಹೊತ್ತಿಗೆ, ಬೆಳಿಗ್ಗೆ ಮೊದಲು ನೋಡಿದ್ದು ಯಾರು ಅಂತ ಬರೆದುಕೊಂಡು ಬಂದೆ. ಕೆಲವರಿಂದ ದೂರನ್ನೂ ಬರೆಸಿದೆ.

ಪಂಪ್‌ಸೆಟ್ಟುಗಳಿಗೆ ಸರ್ಕಾರ ಕೊಡುವುದು ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್, ಅದೂ ಪಾಳಿಯ ಮೇಲೆ. ಯಾವ ಫೀಡರ್‌ಗೆ, ಅಂದರೆ ಯಾವ ಕರೆಂಟ್ ಲೈನಿಗೆ, ಯಾವ ಹೊತ್ತು ಅಂತ ಲೈನ್‌ಮನ್ ಹತ್ತಿರ ಕೇಳಿ, ನಾನು ಬರೆದಿದ್ದ ತಾರೀಖುಗಳ ಪಕ್ಕ ಇಟ್ಟು ನೋಡಿದೆ. ಕಳ್ಳತನ ಆಗಿದ್ದೆಲ್ಲ ತ್ರೀ ಫೇಸ್ ಹೋದ ಮೇಲೆ. ಕರೆಂಟ್ ಇರುವಾಗ ಕೇಬಲ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ, ಮೋಟರ್ ನಿಂತರೆ ರೈತನಿಗೂ ಗೊತ್ತಾಗುತ್ತದೆ. ಅಂದರೆ ಬಂದವರಿಗೆ ನಮ್ಮ ಊರಿನ ಪಾಳಿ ಗೊತ್ತು. ಅಲ್ಲಿಂದ ಮುಂದೆ ಗಸ್ತಿನ ಹೊತ್ತನ್ನು ಕರೆಂಟ್ ಪಾಳಿ ನೋಡಿಕೊಂಡು ಬದಲಾಯಿಸಿದೆವು.

ಕೊನೆಗೆ ದಾರಿ ತೋರಿಸಿದವನು ಒಬ್ಬ ಕುರಿ ಕಾಯುವ ಹುಡುಗ. ಗೋಮಾಳದ ತಗ್ಗಿನಲ್ಲಿ ನೆಲ ಕಪ್ಪಾಗಿದೆ, ಕುರಿ ಆ ಕಡೆ ಹೋಗುವುದಿಲ್ಲ, ರಬ್ಬರ್ ಸುಟ್ಟ ವಾಸನೆ ಇದೆ ಅಂದ. ಹೋಗಿ ನೋಡಿದರೆ ಎರಡು ಮಾರು ಅಗಲ ಹುಲ್ಲು ಸುಟ್ಟಿತ್ತು. ಬೂದಿಯಲ್ಲಿ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಗಂಟುಗಳು, ಕೂದಲೆಳೆಯಂಥ ತಾಮ್ರದ ಚೂರುಗಳು. ಕೇಬಲ್ಲನ್ನು ಹಾಗೇ ಮಾರಿದರೆ ಸಿಕ್ಕಿಬೀಳುತ್ತಾರೆ. ಮೇಲಿನ ಪ್ಲಾಸ್ಟಿಕ್ ಸುಟ್ಟು ಬರೀ ತಾಮ್ರ ಮಾಡಿದರೆ ಯಾರ ತೋಟದ್ದು ಅಂತ ಗುರುತೇ ಇರುವುದಿಲ್ಲ. ಆ ತಗ್ಗಿನ ಮೇಲೆ ಕಣ್ಣಿಟ್ಟೆವು. ಸುತ್ತಲಿನ ಗುಜರಿ ಅಂಗಡಿಯವರಿಗೆ ತಾಮ್ರ ತಂದವರ ಗುರುತಿನ ಚೀಟಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ ಅಂತ ಹೇಳಿದೆವು. ಸಿಕ್ಕವರು ಸುಟ್ಟ ತಾಮ್ರದ ಚೀಲದ ಸಮೇತವೇ ಸಿಕ್ಕರು. ಆ ಹುಡುಗನ ಹೆಸರು ಎಲ್ಲೂ ಬರಲಿಲ್ಲ. ಅದನ್ನು ನಾನು ಬಹಳ ಜೋಪಾನ ಮಾಡಿದೆ. ಅವನು ನಾಳೆಯೂ ಒಬ್ಬನೇ ಆ ಗೋಮಾಳದಲ್ಲಿ ಕುರಿ ಕಾಯಬೇಕಲ್ವಾ.

ಅಡಿಕೆ ಕೊಯ್ಲಿನ ಕಾಲದ ಚಿಂತೆಯೇ ಬೇರೆ. ಬೇಯಿಸಿದ ಅಡಿಕೆ ಕಣದಲ್ಲಿ, ಮನೆ ಮಾಳಿಗೆ ಮೇಲೆ ಒಣಗುತ್ತಿರುತ್ತದೆ. ಕ್ವಿಂಟಲ್‌ಗೆ ಅರ್ಧ ಲಕ್ಷ ರೂಪಾಯಿ ಆಸುಪಾಸು ಬೆಲೆ ಬಾಳುವ ಮಾಲು ಬಯಲಲ್ಲೇ ಮಲಗಿರುತ್ತದೆ. ಆಗ ಊರಿನ ಹುಡುಗರೇ ರಾತ್ರಿ ಕಾವಲಿಗೆ ನಿಲ್ಲುತ್ತಾರೆ. ನನಗೆ ಅದು ಸಂತೋಷವೇ. ಊರಿನವರೇ ಕಾವಲು ಕಾಯುವುದಕ್ಕೆ ನಮ್ಮಲ್ಲಿ ಕಾನೂನಿನ ಆಸರೆಯೂ ಇದೆ, ಗ್ರಾಮ ರಕ್ಷಣಾ ದಳಗಳಿಗೆ 1964ರ ಕಾಯ್ದೆಯೇ ಇದೆ. ಆದರೆ ಕಾವಲಿಗೆ ನಿಂತ ಹುಡುಗರ ಜೊತೆ ಮೊದಲ ರಾತ್ರಿಯೇ ಕೂತು ಮಾತಾಡದೆ ಬಿಡುವುದಿಲ್ಲ. ಯಾಕೆ ಅಂದರೆ 2018ನ್ನು ನಾನು ಮರೆತಿಲ್ಲ.

ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಊರೂರಿಗೂ ಹಬ್ಬಿತ್ತು. ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ದಾರಿಯಾಗಿತ್ತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಹೊಡೆದವರು ನಮ್ಮ ನಿಮ್ಮಂಥ ಊರಿನ ಜನವೇ. ಈ ಘಟನೆಯನ್ನು ನಾನು ಪ್ರತಿ ಕಾವಲು ಗುಂಪಿಗೂ ಹೇಳುತ್ತೇನೆ. ಆಮೇಲೆ ಕಟ್ಟುನಿಟ್ಟಾಗಿ ಹೇಳುವುದು ಇಷ್ಟು. ಯಾರನ್ನೂ ಮುಟ್ಟಬೇಡಿ. ಗಾಡಿ ನಂಬರ್ ನೋಡಿಕೊಳ್ಳಿ, ಯಾವ ಕಡೆ ಹೋಯಿತು ಅಂತ ನೋಡಿಕೊಳ್ಳಿ, ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ, ನನಗೂ ಮಾಡಿ. ಟಾರ್ಚು, ಸೀಟಿ ಸಾಕು. ಕುಡಿದವರು ಕಾವಲಿಗೆ ಬೇಡ. ಅಲೆಮಾರಿ ಜನ, ಹೊಟ್ಟೆಪಾಡಿಗೆ ಬೇರೆ ರಾಜ್ಯದಿಂದ ಬಂದ ಕೂಲಿಯವರು ಕಂಡರೆ ಅನುಮಾನದಿಂದ ಅಡ್ಡ ಹಾಕಬೇಡಿ. ತೋಟದ ಶೆಡ್ಡಿಗೆ ಕೂಲಿಯವರು ಬಂದ ದಿನವೇ ನಾನು ಹೋಗಿ ಪರಿಚಯ ಮಾಡಿಕೊಂಡಿರುತ್ತೇನೆ, ಅವರ ಫೋನಿನಲ್ಲೂ ನನ್ನ ನಂಬರ್ ಇರುತ್ತದೆ. ಅವರಿಗೂ ರಕ್ಷಣೆ ಬೇಕು. ಮೇಸ್ತ್ರಿ ದುಡ್ಡು ಕೊಡದೆ ಓಡಿಹೋದಾಗ ಅವರು ಯಾರಿಗೆ ಹೇಳಬೇಕು?

ಬೀಟ್ ಸಭೆಯ ಬಗ್ಗೆಯೂ ಹೇಳಬೇಕು. ಸಭೆ ಕರೆದರೆ ಮುಂದಿನ ಸಾಲಿನಲ್ಲಿ ಕೂರುವವರು ಯಾವಾಗಲೂ ಅದೇ ಜನ. ಅವರು ಹೇಳುವುದು ಸಿಸಿ ಕ್ಯಾಮೆರಾ, ಜಾತ್ರೆ ಬಂದೋಬಸ್ತು, ಹುಡುಗರ ಬೈಕ್ ಸದ್ದು. ಎಲ್ಲಾ ನಿಜವೇ. ಆದರೆ ಕಾಲೋನಿಯಲ್ಲಿ ಕೇಳಿದರೆ ಅಂಗಡಿಯಲ್ಲಿ ಕದ್ದು ಮಾರುವ ಸಾರಾಯಿ ಪ್ಯಾಕೆಟ್ಟಿನ ಮಾತು ಮೊದಲು ಬರುತ್ತದೆ. ಸಂಜೆ ಆದರೆ ಆ ಅಂಗಡಿ ಮುಂದೆ ಹೆಣ್ಣುಮಕ್ಕಳು ಓಡಾಡುವಂತಿಲ್ಲ ಅಂತ ಹೇಳುತ್ತಾರೆ. ಇದು ಸಭೆಯಲ್ಲಿ ಯಾಕೆ ಬರಲಿಲ್ಲ ಅಂದರೆ, ಅಂಗಡಿಯವನ ಸಂಬಂಧಿಕರು ಮುಂದಿನ ಸಾಲಿನಲ್ಲೇ ಇದ್ದರು. ಅದಕ್ಕೇ ನಾನು ಕಾಲೋನಿಯಲ್ಲಿ ಬೇರೆಯಾಗಿ ಕೂರುತ್ತೇನೆ, ಕೂಲಿಯಿಂದ ಬಂದು ಅವರು ಕೈಕಾಲು ತೊಳೆದುಕೊಂಡ ಮೇಲೆ. ಸ್ತ್ರೀಶಕ್ತಿ ಸಂಘದವರ ವಾರದ ಸಭೆಗೆ ಮಹಿಳಾ ಸಿಬ್ಬಂದಿಯನ್ನು ಕರೆದುಕೊಂಡು ಹೋಗುತ್ತೇನೆ. ಹತ್ತು ನಿಮಿಷ ಮಾತಾಡಿ ನಾನು ಹೊರಗೆ ಬರುತ್ತೇನೆ. ಆಮೇಲೆ ಅವರವರೇ ಮಾತಾಡಿಕೊಳ್ಳಲಿ. ನಿಜವಾದ ವಿಷಯ ಬರುವುದೇ ಆಗ.

ಹೆಣ್ಣುಮಕ್ಕಳ ವಿಷಯದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಮನೆ ಮುಂದೆ ಹೋಗಿ ನಿಂತರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಓಣಿ ತುಂಬಾ ಸುದ್ದಿಯಾಗುತ್ತದೆ, ನಾನು ಹೋದ ಮೇಲೆ ಗಂಡ ಮತ್ತೆ ಹೊಡೆಯುತ್ತಾನೆ. ಅಂಗನವಾಡಿಯಲ್ಲೋ, ಆಸ್ಪತ್ರೆಗೆ ಬಂದಾಗಲೋ ಮಾತಾಡಿಸುವುದೇ ಸರಿ. 181 ಮಹಿಳಾ ಸಹಾಯವಾಣಿಯ ನಂಬರನ್ನು ಚೀಟಿಯಲ್ಲಿ ಬರೆದು ಕೊಡುವುದಿಲ್ಲ, ಬಾಯಿಪಾಠ ಮಾಡಿಸುತ್ತೇವೆ. ಚೀಟಿ ಗಂಡನ ಕೈಗೆ ಸಿಗಬಹುದು.

ಬಾಲ್ಯವಿವಾಹದ ಸುಳಿವು ಬಹಳ ಸಲ ಟೀಚರ್‌ಗಳಿಂದ ಬರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ವಾರದಿಂದ ಶಾಲೆಗೆ ಬಂದಿಲ್ಲ, ಅಜ್ಜಿ ಊರಿಗೆ ಹೋಗಿದ್ದಾಳೆ ಅನ್ನುತ್ತಾರೆ, ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಇಷ್ಟು ಸಾಕು. ಮದುವೆ ದಿನ ಚಪ್ಪರಕ್ಕೆ ಹೋಗಿ ನಿಲ್ಲಿಸುವುದಕ್ಕಿಂತ ವಾರ ಮೊದಲು ಹೋಗುವುದು ಸಾವಿರ ಪಾಲು ಮೇಲು. ಆಗ ಸಾಲ ಇನ್ನೂ ಮಾಡಿರುವುದಿಲ್ಲ, ನೆಂಟರು ಬಂದಿರುವುದಿಲ್ಲ, ಮರ್ಯಾದೆಯ ಪ್ರಶ್ನೆ ಎದ್ದಿರುವುದಿಲ್ಲ. ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಜೊತೆ ಹೋಗಿ, ಶಾಲೆಯ ದಾಖಲೆಯಲ್ಲಿ ವಯಸ್ಸು ತೋರಿಸಿ, ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ. ಬಗ್ಗದಿದ್ದರೆ 2006ರ ಕಾಯ್ದೆ ಪ್ರಕಾರ ಮ್ಯಾಜಿಸ್ಟ್ರೇಟ್ ಹತ್ತಿರ ತಡೆಯಾಜ್ಞೆ ತರಬಹುದು. ಮುಚ್ಚಳಿಕೆ ಬರೆದಾಯಿತು ಅಂತ ಬಿಡಬಾರದು. ಹುಡುಗಿಯನ್ನು ಬೇರೆ ಊರಿಗೆ ಕರೆದುಕೊಂಡು ಹೋಗಿ ಬೆಳಗಿನ ಜಾವ ತಾಳಿ ಕಟ್ಟಿಸುವವರು ಇದ್ದಾರೆ. ಅವಳು ಮತ್ತೆ ಕ್ಲಾಸಿನಲ್ಲಿ ಕೂತಿದ್ದಾಳೆ ಅಂತ ಟೀಚರ್ ಹೇಳುವವರೆಗೂ ನನ್ನ ಪುಸ್ತಕದಲ್ಲಿ ಆ ಪುಟ ಮುಚ್ಚುವುದಿಲ್ಲ.

ಈಚೆಗೆ ಫೋನಿನ ಮೋಸ ಹಳ್ಳಿಗೂ ಬಂದಿದೆ. ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಬ್ಯಾಂಕಿನವರು ಅಂತ ಫೋನ್ ಬಂದದ್ದನ್ನು ನೋಡಿದ್ದೇನೆ. ದುಡ್ಡು ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಅಳಿ ಅಂತಲೇ ಹೇಳುತ್ತೇನೆ. ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ಆ ದುಡ್ಡು ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಇನ್ನೊಂದು ಮಾತನ್ನು ಎಲ್ಲ ಊರಲ್ಲೂ ಹೇಳುತ್ತೇನೆ. ಎರಡು ಠಾಣೆಗಳ ಗಡಿಯಲ್ಲಿ ಇರುವ ಹಳ್ಳಿಯವರು "ಇದು ನಮ್ಮ ಸರಹದ್ದಲ್ಲ" ಅನ್ನುವ ಮಾತು ಕೇಳಿ ಕೇಳಿ ಸೋತಿದ್ದಾರೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಇದು ಜನರಿಗೆ ಗೊತ್ತಿದ್ದರೆ ನಮ್ಮ ಕೆಲಸಕ್ಕೂ ಒಳ್ಳೆಯದು.

ನನಗೆ ತುಂಬಾ ಚಿಂತೆ ಇರುವುದು ವರ್ಗಾವಣೆ ಬಗ್ಗೆ. ಒಬ್ಬ ಬೀಟ್ ಸಿಬ್ಬಂದಿ ಹೋದರೆ ಅವನ ಜೊತೆಗೆ ಆ ನಂಬಿಕೆಯೂ ಹೋಗುತ್ತದೆ. ಬೀಟ್ ಪುಸ್ತಕದಲ್ಲಿ ದೇವಸ್ಥಾನ, ಬ್ಯಾಂಕ್, ಹಳೇ ಕೇಸಿನವರ ಹೆಸರು ಇರುತ್ತದೆ. ಯಾರ ಹತ್ತಿರ ಎಲ್ಲಿ ಕೂತು ಮಾತಾಡಬೇಕು, ಯಾರ ಮನೆಗೆ ಹೋಗಬಾರದು ಅನ್ನುವುದು ಇರುವುದಿಲ್ಲ, ಇರಲೂಬಾರದು. ಹಾಗಾಗಿ ಪಕ್ಕದ ಬೀಟಿಗೆ ಹೊಸದಾಗಿ ಬಂದ ಹುಡುಗನನ್ನು ನಾನೇ ಡೈರಿಗೆ, ಕಾಲೋನಿಗೆ, ಅಂಗನವಾಡಿಗೆ ಕರೆದುಕೊಂಡು ಹೋಗಿ "ಇವರು ನನ್ನ ಕಡೆಯವರೇ" ಅಂತ ಪರಿಚಯ ಮಾಡಿಸಿದೆ. ಹಳಬ ಹೋಗುವ ಮುಂಚೆ ಒಂದು ತಿಂಗಳಾದರೂ ಇಬ್ಬರೂ ಒಟ್ಟಿಗೆ ಬೀಟ್ ಮಾಡುವಂತೆ ಠಾಣೆಯಲ್ಲಿ ಏರ್ಪಾಡು ಮಾಡಿಕೊಳ್ಳಬೇಕು. ಅದಕ್ಕೆ ಬೇರೆ ಖರ್ಚೇನೂ ಇಲ್ಲ, ಡ್ಯೂಟಿ ಪಟ್ಟಿಯಲ್ಲಿ ಎರಡು ಹೆಸರು ಒಂದೇ ಸಾಲಿನಲ್ಲಿ ಬರೆದರೆ ಸಾಕು.