ಓಣಿಯ ತೆಲುಗು, ಕ್ಲಾಸಿನ ಇಂಗ್ಲಿಷ್

ಬಳ್ಳಾರಿ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ಕ್ಲಾಸಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಗೆಳೆಯರ ಜೊತೆ ಒಂದಿಷ್ಟು ಉರ್ದು. ಯಾರೂ ಕೂರಿಸಿ ಕಲಿಸಿದ್ದಲ್ಲ. ಒಂದನೇ ಕ್ಲಾಸಿನಿಂದ ಓದುತ್ತಿರುವ ಇಂಗ್ಲಿಷ್ ಮಾತ್ರ ಐದಕ್ಕೆ ಬಂದರೂ ಬಾಯಿಗೆ ಬರುವುದಿಲ್ಲ. "ಅದು ತಾನೇ ಬಂತು, ಇದ್ಯಾಕ್ ಬರ್ತಿಲ್ಲ ಸಾರ್?" ಅಂತ ಪಾಲಕರು ಕೇಳುತ್ತಾರೆ.

ಮಗು ಎದ್ದಿರುವಷ್ಟು ಹೊತ್ತೂ ಮಾತು ಕೇಳುತ್ತಿರುತ್ತದೆ, ನನ್ನ ಕೈಲಿರುವುದು ದಿನಕ್ಕೊಂದು ಪೀರಿಯಡ್. ಜೊತೆಗೆ, ಮಗು ಮೊದಲ ಮಾತಾಡುವ ಮುಂಚೆ ಸುಮಾರು ಒಂದು ವರ್ಷ ಸುಮ್ನೆ ಕೇಳುತ್ತದೆ. ನಾವು ಮೊದಲ ದಿನವೇ "ಹೇಳು, ಹೇಳು" ಅಂತ ಬೆನ್ನು ಹತ್ತುತ್ತೇವೆ.

ಹಾಗಾಗಿ ಮೊದಲ ಕೆಲವು ವಾರ ನಾನು ಯಾರ ಬಾಯನ್ನೂ ಬಿಡಿಸುವುದಿಲ್ಲ. ಪುಸ್ತಕವೂ ಇಲ್ಲ. 'ಸ್ಟ್ಯಾಂಡ್ ಅಪ್', 'ಟಚ್ ದ ಡೋರ್', 'ಬ್ರಿಂಗ್ ದ ಚಾಕ್' ಅನ್ನುತ್ತೇನೆ, ಮಾಡಿ ತೋರಿಸುತ್ತೇನೆ, ಅವರೂ ಮಾಡುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಸ್ವಲ್ಪ ದಿನಕ್ಕೆ ಮಕ್ಕಳೇ ನನಗೆ ಹುಕುಂ ಕೊಡತೊಡಗುತ್ತಾರೆ. ಕ್ಲಾಸಿನ ಮಹಾ ತುಂಟ ಒಬ್ಬ "ಸರ್, ಸಿಟ್ ಅಂಡರ್ ಟೇಬಲ್" ಅಂದ. ಕೂತೆ. ಆಮೇಲೆ ಇಡೀ ಕ್ಲಾಸಿಗೆ 'ಅಂಡರ್' ಮರೆತಿಲ್ಲ.

'ವೆಂಟ್', 'ಏಟ್' ಅನ್ನುವ ಬದಲು 'ಗೋಡ್', 'ಈಟೆಡ್' ಅಂದರೆ ಆಟದ ನಡುವೆ ತಿದ್ದುವುದಿಲ್ಲ. ಅದೇ ಮಾತನ್ನು ಸರಿಯಾಗಿ ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ನನ್ನ ಮಗಳು ಚಿಕ್ಕವಳಿದ್ದಾಗ 'ತಿನ್ನಿದೆ' ಅನ್ನುತ್ತಿದ್ದಳು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ನಿಯಮ ಅವಳದ್ದೇ. 1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ತೋರಿಸಿದ್ದೂ ಇದನ್ನೇ: 'ವಗ್' ಎಂಬ ಇಲ್ಲದ ಪದ ಕೊಟ್ಟರೂ ಪುಟ್ಟ ಮಕ್ಕಳು ಅದಕ್ಕೆ ಬಹುವಚನ ಮಾಡಿದರು.

ಹಾಗಂತ ವ್ಯಾಕರಣ ಬಿಟ್ಟುಬಿಡಿ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಇಷ್ಟು ಕಡಿಮೆ ಕೇಳಿ ಹತ್ತು ವರ್ಷದ ಹುಡುಗ ನಿಯಮವನ್ನು ತಾನೇ ಹುಡುಕಿಕೊಳ್ಳುವುದು ಕಷ್ಟ, ಅಲ್ವಾ? ಕನ್ನಡದಲ್ಲೂ ತೆಲುಗಿನಲ್ಲೂ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ. ಬೋರ್ಡಿನ ಮೇಲೆ ತೋರಿಸಿದರೆ ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ. ದೊಡ್ಡವರು ಶುರುವಿನಲ್ಲಿ ಮಕ್ಕಳಿಗಿಂತ ಬೇಗ ಕಲಿಯುವುದೂ ಉಂಟು. ಉಚ್ಚಾರದಲ್ಲಿ ಮಾತ್ರ ಕೊನೆಗೆ ಚಿಕ್ಕವರದ್ದೇ ಮೇಲುಗೈ.

ನನಗೆ ಇನ್ನೂ ಕಷ್ಟ ಕೊಡುತ್ತಿರುವುದು ಪ್ರಶ್ನೆ ಕೇಳಿಸುವುದು. 'ಡು', 'ಡಸ್' ಜಾಸ್ತಿ ಗೋಜಲು. ಅದಕ್ಕೆ ಈಗ ಅಂಗಡಿ ಆಟ ಶುರು ಮಾಡಿದ್ದೇನೆ. ದರ ಕೇಳುವವರೆಗೆ ಇಂಗ್ಲಿಷ್ ನಡೆಯುತ್ತದೆ. ಚೌಕಾಸಿಗೆ ಇಳಿದರೆ ಎಲ್ಲರೂ ತೆಲುಗಿಗೆ ಜಾರುತ್ತಾರೆ.